ಆರ್ಮಡಿಲೋ ಅಂಗಳಕ್ಕೆ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಆಗ್ನೇಯ ಮತ್ತು ಮಧ್ಯಭಾಗದ ರಾಜ್ಯಗಳಲ್ಲಿರುವ ಓದುಗರಿಂದ ಆರ್ಮಡಿಲೋ ಎಂಬ, ಮೈಮೇಲೆ ಕವಚವಿರುವ ಸಸ್ತನಿಯ ಕುರಿತು ಸಾಕಷ್ಟು ಪ್ರಶ್ನೆಗಳು ಬಂದಿವೆ. ಕೆಲವರು ಹುಲ್ಲುಹಾಸಿನಲ್ಲಿ ಎದ್ದಿರುವ ಗುಂಡಿಗಳ ಫೋಟೊ ಕಳಿಸಿದ್ದಾರೆ, ಕೆಲವರು ರಸ್ತೆ ಬದಿಯಲ್ಲಿ ಸತ್ತುಬಿದ್ದ ಪ್ರಾಣಿಯನ್ನು ಕಂಡು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೈಮೇಲೆ ಚಿಪ್ಪು, ಉದ್ದ ಮೂತಿ, ಇರುವೆ ಗೆದ್ದಲು ತಿನ್ನುತ್ತದೆ. ಇದು ನಮ್ಮ ಚಿಪ್ಪುಹಂದಿಯೇ ತಾನೆ? (ಅಟ್ಲಾಂಟಾ)

ಅಲ್ಲ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಚಿಪ್ಪುಹಂದಿಯ ಹುರುಪೆಗಳು ಉಗುರು, ಕೂದಲುಗಳ ಹಾಗೆ ಕೆರಟಿನ್‌ನಿಂದ ಆದವು, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಆರ್ಮಡಿಲೋದ ಕವಚ ಚರ್ಮದೊಳಗೆ ಬೆಳೆದ ಮೂಳೆಯ ಬಿಲ್ಲೆಗಳಿಂದ ಆದದ್ದು, ಅದರ ಮೇಲೆ ತೆಳುವಾದ ಕೆರಟಿನ್ ಪದರ. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಆರ್ಮಡಿಲೋಗೆ ಎನಾಮಲ್ ಇಲ್ಲದ ಗೂಟದಂಥ ಸಣ್ಣ ಹಲ್ಲುಗಳಿವೆ. ವಂಶಾವಳಿಯಲ್ಲಿ ಆರ್ಮಡಿಲೋ ದಕ್ಷಿಣ ಅಮೆರಿಕದ ಸ್ಲಾತ್ (ಮರಕ್ಕೆ ಜೋತುಬೀಳುವ ನಿಧಾನ ಪ್ರಾಣಿ) ಮತ್ತು ಇರುವೆಭಕ್ಷಕಗಳ ಬಳಗಕ್ಕೆ ಸೇರುತ್ತದೆ, ಚಿಪ್ಪುಹಂದಿ ಮಾಂಸಾಹಾರಿ ಪ್ರಾಣಿಗಳಿಗೆ ಹತ್ತಿರ.

ಸುಮಾರು 20 ಜಾತಿಯ ಆರ್ಮಡಿಲೋಗಳಿದ್ದು, ಎಲ್ಲವೂ ಅಮೆರಿಕ ಖಂಡಗಳಲ್ಲಷ್ಟೇ ಇವೆ. ಸಂಯುಕ್ತ ಸಂಸ್ಥಾನಕ್ಕೆ ಬಂದಿರುವುದು ಒಂದೇ, ಒಂಬತ್ತು ಪಟ್ಟಿಯ ಆರ್ಮಡಿಲೋ. ಕವಚದ ನಡುವಿನ ಅಡ್ಡ ಪಟ್ಟಿಗಳನ್ನು ಎಣಿಸಿ ಗುರುತಿಸಲು ಹೋಗಬೇಡಿ, ಎಂಟೇ ಇರುವವೂ ಸಾಮಾನ್ಯ. ಇತ್ತೀಚಿನ ವಂಶವಾಹಿ ಅಧ್ಯಯನಗಳ ನಂತರ ಉತ್ತರ ಅಮೆರಿಕದ ಪ್ರಾಣಿಯನ್ನು ಡೇಸಿಪಸ್ ಮೆಕ್ಸಿಕಾನಸ್ ಎಂಬ ಪ್ರತ್ಯೇಕ ಜಾತಿಯಾಗಿ ಕರೆಯುವವರಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಡೇಸಿಪಸ್ ನೊವೆಮ್‌ಸಿಂಕ್ಟಸ್ ಎಂದಿರುತ್ತದೆ, ಗೊಂದಲ ಬೇಡ. ಇನ್ನೊಂದು ಮಾತು: ಚೆಂಡಿನಂತೆ ಪೂರ್ತಿ ಮುದುಡಿಕೊಳ್ಳುವುದು ದಕ್ಷಿಣ ಅಮೆರಿಕದ ಮೂರು ಪಟ್ಟಿಯ ಜಾತಿಗಳು ಮಾತ್ರ. ನಿಮ್ಮ ಅಂಗಳಕ್ಕೆ ಬರುವ ಪ್ರಾಣಿ ಹೆದರಿದರೆ ಓಡುತ್ತದೆ, ಇಲ್ಲವೇ ಬಿಲ ಸೇರುತ್ತದೆ.

ಪ್ರಶ್ನೆ: ಇದು ಟೆಕ್ಸಸ್ ಪ್ರಾಣಿ ಎಂದು ಕೇಳಿದ್ದೆ. ಇಲ್ಲಿಗೆ ಹೇಗೆ ಬಂತು? ಯಾರಾದರೂ ತಂದು ಬಿಟ್ಟರೇ? (ನ್ಯಾಶ್‌ವಿಲ್, ಟೆನ್ನೆಸ್ಸೀ)

ಟೆಕ್ಸಸ್‌ಗೂ ಅದು ಹೊರಗಿನಿಂದ ಬಂದದ್ದೇ. 19ನೇ ಶತಮಾನದ ಮಧ್ಯದವರೆಗೆ ಇದರ ಉತ್ತರದ ಎಲ್ಲೆ ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿ. ನದಿಯ ಈಚೆಗೆ, ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ಇದು ದಾಖಲಾದದ್ದು 1849ರ ಸುಮಾರಿಗೆ. ಅಲ್ಲಿಂದ ಮುಂದೆ ನಿಂತದ್ದೇ ಇಲ್ಲ. 1920ರ ದಶಕದ ಹೊತ್ತಿಗೆ ಲೂಯಿಸಿಯಾನ, ಆಮೇಲೆ ಒಕ್ಲಹೋಮ, ಅರ್ಕಾನ್ಸಾ, ಮಿಸಿಸಿಪಿ. ಅಡೆತಡೆಯಿಲ್ಲದ ಕಡೆ ವರ್ಷಕ್ಕೆ 4ರಿಂದ 10 ಕಿ.ಮೀ. ಮುಂದೆ ಸಾಗಿದೆ ಎಂಬುದು 1974ರಲ್ಲಿ ಪ್ರಕಟವಾದ ಅಂದಾಜು. ಗಿಡ್ಡ ಕಾಲಿನ, ರಾತ್ರಿಯೆಲ್ಲ ಮೂಗು ನೆಲಕ್ಕೂರಿ ಅಲೆಯುವ ಪ್ರಾಣಿಗೆ ಇದು ಬಹಳ ದೊಡ್ಡ ವೇಗ.

ಯಾರಾದರೂ ತಂದು ಬಿಟ್ಟರೇ ಎಂದು ಕೇಳಿದ್ದೀರಿ. ಫ್ಲೋರಿಡಾದ ಮಟ್ಟಿಗೆ ಹೌದು. ಅಲ್ಲಿ ಸೆರೆಯಲ್ಲಿದ್ದ ಪ್ರಾಣಿಗಳು ತಪ್ಪಿಸಿಕೊಂಡವು, ಕೆಲವನ್ನು ಜನರೇ ಬಿಟ್ಟರು. 1924ರಲ್ಲಿ ಕೊಕೊ ಊರಿನ ಸಣ್ಣ ಮೃಗಾಲಯದಿಂದ ಹೊರಬಿದ್ದ ಪ್ರಾಣಿಗಳ ಪ್ರಸ್ತಾಪ ಎಲ್ಲ ಕಡೆ ಬರುತ್ತದೆ. ಹೀಗೆ ಪೂರ್ವದಲ್ಲಿ ಬೇರೆಯದೇ ಒಂದು ಸಮೂಹ ಬೆಳೆದು ಉತ್ತರಕ್ಕೂ ಪಶ್ಚಿಮಕ್ಕೂ ಹರಡಿತು. ಟೆಕ್ಸಸ್ ಕಡೆಯಿಂದ ಬಂದವುಗಳೂ ಫ್ಲೋರಿಡಾದವೂ 1970ರ ದಶಕದ ಹೊತ್ತಿಗೆ ಮೆಕ್ಸಿಕೊ ಕೊಲ್ಲಿ ಕರಾವಳಿಯ ರಾಜ್ಯಗಳಲ್ಲಿ ಒಂದನ್ನೊಂದು ಸೇರಿದವು. ಉತ್ತರದ ಕಡೆಯ ಲೆಕ್ಕ ಹೀಗಿದೆ: ನೆಬ್ರಾಸ್ಕದಲ್ಲಿ 1972ರಲ್ಲಿ, ಇಂಡಿಯಾನದಲ್ಲಿ 2003ರಲ್ಲಿ, ಉತ್ತರ ಕೆರೊಲಿನದ ಮೇಕನ್ ಕೌಂಟಿಯಲ್ಲಿ 2007ರಲ್ಲಿ ಕಾಣಿಸಿಕೊಂಡಿತು. ಈಗ ವರ್ಜೀನಿಯದ ನೈರುತ್ಯ ಮೂಲೆಯಿಂದಲೂ ವರದಿಗಳಿವೆ. ನಿಮ್ಮ ಟೆನ್ನೆಸ್ಸೀಗೆ ಅದು ಪಶ್ಚಿಮದಿಂದ ಬಂದು, ಬೆಟ್ಟಗಳಿರುವ ಪೂರ್ವದ ಕಡೆಗೆ ಏರುತ್ತಿದೆ.

ನದಿ ದಾಟಿದವು ಇಷ್ಟು ಹರಡಲು ಮನುಷ್ಯ ಮಾಡಿದ ಬದಲಾವಣೆಗಳೂ ಕಾರಣ. ತೋಳ, ಪ್ಯೂಮಗಳು ಮರೆಯಾದವು. ದಟ್ಟ ಕಾಡು ಕಡಿದು ಹುಲ್ಲುಗಾವಲು, ಹೊಲ, ತೋಪುಗಳಾದವು. ಕಾಳ್ಗಿಚ್ಚು ಹರಡದಂತೆ ತಡೆದದ್ದರಿಂದ ಟೆಕ್ಸಸ್‌ನ ಬಯಲುಗಳಲ್ಲಿ ಪೊದೆ ಬೆಳೆಯಿತು, ಪೊದೆಯ ಅಡಿಯ ನೆರಳಿನ ಮಣ್ಣು ಇದಕ್ಕೆ ಹೇಳಿಮಾಡಿಸಿದ ಜಾಗ. ಇದರ ಜೊತೆಗೆ ಸೇತುವೆಗಳು ಬಂದವು, ಸರಕು ಸಾಗಣೆಯ ರೈಲು ಲಾರಿಗಳಲ್ಲಿ ಸೇರಿಕೊಂಡು ದೂರ ಹೋದವೂ ಇವೆ.

ಪ್ರಶ್ನೆ: ಹಾಗಾದರೆ ಹವಾಮಾನ ಬದಲಾವಣೆಯಿಂದ ಬಂತು ಎನ್ನುವುದು ಸುಳ್ಳೇ? ಇಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಅದು ಬದುಕುವುದು ಹೇಗೆ? (ಆಶ್‌ವಿಲ್, ಉತ್ತರ ಕೆರೊಲಿನ)

ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಭೂಮಿ ಗಮನಕ್ಕೆ ಬರುವಷ್ಟು ಬಿಸಿಯಾಗುವ ಮೊದಲೇ ಇದರ ಪಯಣ ಶುರುವಾಗಿತ್ತು. 19ನೇ ಶತಮಾನದಿಂದ 20ನೇ ಶತಮಾನದ ಮಧ್ಯದವರೆಗಿನ ಹರಡುವಿಕೆಗೆ ಬೆಚ್ಚಗಿನ ಚಳಿಗಾಲವನ್ನು ಕಾರಣ ಮಾಡುವುದು ಸರಿಯಲ್ಲ. ಅದು ತನಗೆ ಒಗ್ಗುವ ಖಾಲಿ ಜಾಗವನ್ನು ತುಂಬುತ್ತಿತ್ತು. ಈಗ ಉತ್ತರದ ಅಂಚಿನಲ್ಲಿ, ಅಂದರೆ ಮಿಸೌರಿ, ಇಲಿನಾಯ್, ಇಂಡಿಯಾನ ಮತ್ತು ನಿಮ್ಮ ಬೆಟ್ಟಗಳಲ್ಲಿ ಲೆಕ್ಕಕ್ಕೆ ಬರುವುದು ಚಳಿಯೇ.

ಕಾರಣ ಅದರ ಮೈಯಲ್ಲಿದೆ. ಆರ್ಮಡಿಲೋದ ದೇಹದ ಉಷ್ಣಾಂಶ 33ರಿಂದ 35 ಡಿಗ್ರಿ ಸೆಲ್ಸಿಯಸ್, ಸಸ್ತನಿಗಳಲ್ಲಿ ಕಡಿಮೆಯೇ. ಚಯಾಪಚಯ ನಿಧಾನ, ಕೊಬ್ಬು ತೆಳು, ತುಪ್ಪಳವಂತೂ ಇಲ್ಲ. ಮೂಳೆಯ ಕವಚ ಶಾಖವನ್ನು ತಡೆಯುವುದಿಲ್ಲ, ಒಳಗಿನ ಬಿಸಿ ಬೇಗ ಹೊರಹೋಗುತ್ತದೆ. ಶಿಶಿರನಿದ್ರೆ ಮಾಡುವ ಸಾಮರ್ಥ್ಯವೂ ಇಲ್ಲ. ಹಾಗಾಗಿ ಒಂದೆರಡು ದಿನದ ಹಿಮವನ್ನು ಬಿಲದೊಳಗೆ ಒಣ ಎಲೆ ಹುಲ್ಲು ರಾಶಿ ಹಾಕಿಕೊಂಡು ಮಲಗಿ ಕಳೆದೀತು. ಬಿಡದೆ ಹಲವು ದಿನ ನೆಲ ಹೆಪ್ಪುಗಟ್ಟಿ ಕಲ್ಲಾದರೆ ಕಷ್ಟ. ಮಣ್ಣು ಅಗೆಯಲಾಗದು, ಹುಳುಗಳು ಕೆಳಕ್ಕೆ ಇಳಿದಿರುತ್ತವೆ, ಕೂಡಿಟ್ಟ ಕೊಬ್ಬು ಸಾಲದು. ಚಳಿ ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಹಸಿವಿನ ಮೂಲಕ ಕೊಲ್ಲುತ್ತದೆ.

ಈ ಲೆಕ್ಕದಲ್ಲಿ ಸಂಶೋಧಕರು ಎರಡು ಮಿತಿಗಳನ್ನು ಹೇಳುತ್ತ ಬಂದಿದ್ದಾರೆ. ಜನವರಿಯ ಸರಾಸರಿ ಉಷ್ಣಾಂಶ ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗಿರಬಾರದು, ವರ್ಷಕ್ಕೆ ಕನಿಷ್ಠ 380 ಮಿ.ಮೀ. ಮಳೆ ಇರಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ಪಶ್ಚಿಮ ಟೆಕ್ಸಸ್ ಬೆಚ್ಚಗಿದ್ದರೂ ಆರ್ಮಡಿಲೋ ಅತ್ತ ದಾಪುಗಾಲಿಡದಿರುವುದಕ್ಕೆ ಕಾರಣ ಒಣ, ಗಟ್ಟಿ ಮಣ್ಣು. ಬಯಲುಸೀಮೆಯ ರಾಜ್ಯಗಳಲ್ಲಿ ಅದು ಹೊಳೆದಂಡೆ ಹಿಡಿದೇ ಮುಂದೆ ಹೋಗುತ್ತದೆ: ಅಲ್ಲಿ ಮಣ್ಣು ತೇವ, ಮರದ ನೆರಳು, ಚಳಿಯೂ ತುಸು ಕಡಿಮೆ.

ಈ ಮಿತಿಗಳು ಗೋಡೆಯಲ್ಲ. ಮನೆಗಳ ಅಡಿ, ಶೆಡ್‌ಗಳ ಅಡಿ, ನೀರು ಹಾಯಿಸಿದ ತೋಟಗಳು ಇರುವ ಪಟ್ಟಣದಲ್ಲಿ ಇದಕ್ಕಿಂತ ಚಳಿಯಿದ್ದರೂ ಕೆಲವು ಉಳಿಯುತ್ತವೆ. ಚಳಿಗಾಲದಲ್ಲಿ ವೇಳೆಯನ್ನೂ ಬದಲಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಿಶಾಚರಿಯಾದದ್ದು ಜನವರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹೊರಬಂದು ಎಲೆಗಳಡಿ ಕೆದಕುವುದನ್ನು ಕಾಣಬಹುದು. ಹಾಡಹಗಲೇ ಓಡಾಡುತ್ತಿದೆ ಎಂದು ಅದಕ್ಕೆ ರೋಗ ಅಂಟಿದೆಯೆಂದು ತಿಳಿಯಬೇಕಿಲ್ಲ.

ಇನ್ನೂ ಎಷ್ಟು ದೂರ ಹೋದೀತು? ಹವಾಮಾನದ ಮಿತಿಗಳನ್ನು ನಕ್ಷೆಯ ಮೇಲಿಟ್ಟು 1996ರಲ್ಲಿ ಮಾಡಿದ ಲೆಕ್ಕಾಚಾರ, ಪೂರ್ವ ಕರಾವಳಿಯಲ್ಲಿ ಮಸಾಚುಸೆಟ್ಸ್‌ವರೆಗೂ ಜಾಗವಿದೆ ಎಂದಿತು. ಹೋಗಲು ಸಾಧ್ಯ ಎನ್ನುವುದಕ್ಕೂ ಹೋಗುತ್ತದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಬಿರುಸಾದ ಒಂದು ಚಳಿಗಾಲ ಉತ್ತರದ ಅಂಚನ್ನು ಹಿಂದಕ್ಕೆ ತಳ್ಳಬಲ್ಲದು, ಆಮೇಲಿನ ಕೆಲವು ಸೌಮ್ಯ ಚಳಿಗಾಲಗಳಲ್ಲಿ ಅದು ಮತ್ತೆ ಮುಂದೆ ಬರುತ್ತದೆ. ಹೀಗಾಗಿ ಒಂದು ವರ್ಷದ ವರದಿ ನೋಡಿ ಎಲ್ಲೆ ಇಲ್ಲಿದೆ ಎಂದು ಗೆರೆ ಎಳೆಯುವುದು ಸರಿಯಲ್ಲ.

ಪ್ರಶ್ನೆ: ದೊಡ್ಡ ನದಿಗಳನ್ನು ದಾಟುವುದು ಹೇಗೆ? (ಸೇಂಟ್ ಲೂಯಿಸ್, ಮಿಸೌರಿ)

ಎರಡು ವಿಧಾನ. ಸಣ್ಣ ಹೊಳೆಯಾದರೆ ಉಸಿರು ಬಿಗಿಹಿಡಿದು ತಳದಲ್ಲೇ ನಡೆದು ಹೋಗುತ್ತದೆ, ಸುಮಾರು 6 ನಿಮಿಷ ಉಸಿರು ಕಟ್ಟಬಲ್ಲದು. ಅಗಲವಾದ ನೀರಾದರೆ ಗಾಳಿ ನುಂಗಿ ಹೊಟ್ಟೆ ಕರುಳು ಉಬ್ಬಿಸಿಕೊಂಡು ತೇಲುತ್ತ ಈಜುತ್ತದೆ. ಕವಚದ ಭಾರಕ್ಕೆ ಮುಳುಗಬೇಕಾದ ಪ್ರಾಣಿ ತೇಲುವುದು ಈ ಉಪಾಯದಿಂದ. ಮಿಸಿಸಿಪಿಯಂಥ ನದಿಗೆ ಸೇತುವೆಗಳ ನೆರವೂ ಇದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದೇ ಒಂದು ಕಂಡಿದೆ. ಒಂದರಿಂದ ಹಿಂಡಾಗಲು ಎಷ್ಟು ಕಾಲ ಬೇಕು? (ಇವಾನ್ಸ್‌ವಿಲ್, ಇಂಡಿಯಾನ)

ಕಂಡದ್ದು ಗಂಡಾಗಿದ್ದರೆ ಹಿಂಡು ಆಗುವುದೇ ಇಲ್ಲ. ಹೆಣ್ಣಾಗಿದ್ದರೆ, ಜೊತೆಗೆ ಗಂಡು ಕಾಣಿಸದಿದ್ದರೂ, ಅದು ಬರುವಾಗಲೇ ಬಸಿರಾಗಿರಬಹುದು.

ಜುಲೈ–ಆಗಸ್ಟ್‌ನಲ್ಲಿ ಕೂಡಿದರೆ ಫಲಿತ ಅಂಡ ಕೂಡಲೇ ಗರ್ಭಕೋಶಕ್ಕೆ ಅಂಟುವುದಿಲ್ಲ. ಸುಮಾರು ನವೆಂಬರ್‌ವರೆಗೆ ಸುಮ್ಮನೆ ತೇಲಿಕೊಂಡಿರುತ್ತದೆ, ಆಮೇಲೆ ನಾಲ್ಕು ತಿಂಗಳ ಬೆಳವಣಿಗೆ, ಮಾರ್ಚ್–ಏಪ್ರಿಲ್‌ನಲ್ಲಿ ಹೆರಿಗೆ. ಮಣ್ಣು ಬೆಚ್ಚಗಾಗಿ ಹುಳು ಹೇರಳವಾಗುವ ಕಾಲಕ್ಕೆ ಮರಿಗಳು ಹೊರಬರುತ್ತವೆ. ಒತ್ತಡಕ್ಕೆ ಸಿಕ್ಕ ಹೆಣ್ಣುಗಳಲ್ಲಿ ಈ ತಡೆ ಇನ್ನೂ ಉದ್ದವಾಗುತ್ತದೆ. ಗಂಡಿನಿಂದ ಬೇರ್ಪಡಿಸಿ ಸಾಕಿದ ಹೆಣ್ಣುಗಳು ಎರಡು ವರ್ಷಕ್ಕೂ ಮೀರಿ ಕಳೆದ ಮೇಲೆ ಹೆತ್ತ ದಾಖಲೆಗಳಿವೆ. ಹೊಸ ನಾಡಿಗೆ ಒಂಟಿಯಾಗಿ ನಡೆದುಬರುವ ಹೆಣ್ಣಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ಪ್ರತಿ ಸಲವೂ ಸಾಮಾನ್ಯವಾಗಿ ನಾಲ್ಕು ಮರಿ. ನಾಲ್ಕೂ ಒಂದೇ ಅಂಡ ಒಡೆದು ಆದವು, ಹಾಗಾಗಿ ನಾಲ್ಕೂ ತದ್ರೂಪಿ, ನಾಲ್ಕೂ ಒಂದೇ ಲಿಂಗ. ಮೊದಲ ಹೆರಿಗೆಯಲ್ಲಿ ನಾಲ್ಕೂ ಹೆಣ್ಣೇ ಆದರೆ ಆ ಜಾಗದಲ್ಲಿ ಗಂಡು ಬರುವವರೆಗೆ ಸಂತತಿ ನಿಂತುಹೋಗುತ್ತದೆ. ಅಂಚಿನ ಪ್ರದೇಶಗಳಲ್ಲಿ ವರ್ಷಗಟ್ಟಲೆ ಅಲ್ಲೊಂದು ಇಲ್ಲೊಂದು ಕಂಡು, ಆಮೇಲೆ ಒಮ್ಮೆಲೇ ಎಲ್ಲೆಡೆ ಕಾಣುವುದಕ್ಕೆ ಇದೂ ಒಂದು ಕಾರಣ. ನೆಲೆ ನಿಂತಿದೆ ಎನ್ನಲು ಮೂರು ಗುರುತು ನೋಡಿ: ಚಿಕ್ಕ ಮರಿಗಳು, ಚಳಿಗಾಲ ಕಳೆದ ಮೇಲೂ ಬಳಕೆಯಲ್ಲಿರುವ ಬಿಲ, ಒಂದಕ್ಕಿಂತ ಹೆಚ್ಚು ವರ್ಷ ಮತ್ತೆ ಮತ್ತೆ ಸಿಗುವ ಕುರುಹು.

ಪ್ರಶ್ನೆ: ಬೆಳಿಗ್ಗೆ ಎದ್ದರೆ ಹುಲ್ಲುಹಾಸಿನ ತುಂಬ ಗುಂಡಿ. ಇದು ಆರ್ಮಡಿಲೋ ಕೆಲಸವೇ, ಸ್ಕಂಕ್‌ದೇ? (ಮೆಂಫಿಸ್)

ಗುಂಡಿಯ ಆಕಾರ ನೋಡಿ. ಆರ್ಮಡಿಲೋ ತೋಡಿದ್ದು ಕೋನಾಕಾರ, ಮೇಲೆ 8ರಿಂದ 12 ಸೆಂ.ಮೀ. ಅಗಲ, ಆಳ ಸಾಮಾನ್ಯವಾಗಿ 3ರಿಂದ 8 ಸೆಂ.ಮೀ. ಮೂತಿ ತೂರಿಸಿದ ಗುರುತು ನಡುವೆ ಇರುತ್ತದೆ, ಮಣ್ಣು ಒಂದು ಬದಿಗೆ ಚೆಲ್ಲಿರುತ್ತದೆ. ಮಣ್ಣಿನಡಿ ಸುಮಾರು 20 ಸೆಂ.ಮೀ. ಕೆಳಗಿರುವ ಹುಳುವಿನ ವಾಸನೆಯನ್ನೂ ಅದು ಹಿಡಿಯಬಲ್ಲದು, ಆದ್ದರಿಂದ ಎಲ್ಲೆಂದರಲ್ಲಿ ಅಲ್ಲ, ಹುಳು ಇರುವಲ್ಲೇ ತೋಡುತ್ತದೆ. ಸ್ಕಂಕ್ ಮಾಡುವ ಗುಂಡಿ ಇನ್ನೂ ಚಿಕ್ಕದು, ಅದರ ದುರ್ವಾಸನೆ ಸುಳಿವು ಕೊಡುತ್ತದೆ. ರಕೂನ್ ಹುಲ್ಲನ್ನು ಚಾಪೆ ಸುತ್ತಿದಂತೆ ಎಬ್ಬಿಸಿ ಮಗುಚುತ್ತದೆ. ಮಣ್ಣಿನಡಿ ಬದುಕುವ ಮೋಲ್ ಗುಂಡಿ ತೋಡುವುದಿಲ್ಲ, ನೆಲದಲ್ಲಿ ಏರು ಎಬ್ಬಿಸುತ್ತದೆ.

ಹೆಜ್ಜೆ ಸಿಕ್ಕಿದರೆ ಸಂಶಯವೇ ಉಳಿಯದು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ. ಬಿಲದ ಬಾಯಿ 18ರಿಂದ 20 ಸೆಂ.ಮೀ. ಅಗಲ. ಅದಕ್ಕಿಂತ ದೊಡ್ಡದಾಗಿದ್ದು ಮುಂದೆ ಮಣ್ಣಿನ ದಿಬ್ಬವಿದ್ದರೆ ಗ್ರೌಂಡ್‌ಹಾಗ್ (ಬಿಲ ತೋಡುವ, ಅಳಿಲಿನ ಬಳಗದ ದೊಡ್ಡ ಪ್ರಾಣಿ) ಇರಬಹುದು. ಒಂದು ಆರ್ಮಡಿಲೋಗೆ ಒಂದೇ ಬಿಲ ಎಂದುಕೊಳ್ಳಬೇಡಿ. ತನ್ನ ಪ್ರದೇಶದಲ್ಲಿ ಹಲವು ಬಿಲ ತೋಡಿಕೊಂಡು ಬದಲಾಯಿಸುತ್ತಿರುತ್ತದೆ.

ಪ್ರಶ್ನೆ: ಬೋನು ಇಟ್ಟು ವಾರವಾಯಿತು, ಬಾಳೆಹಣ್ಣು, ಬೆಕ್ಕಿನ ಆಹಾರ ಎಲ್ಲ ಇಟ್ಟೆ. ರಕೂನ್ ಬಿತ್ತು, ಒಪೊಸಮ್ ಬಿತ್ತು, ಅದು ಮಾತ್ರ ಬೀಳಲಿಲ್ಲ. (ಬರ್ಮಿಂಗ್‌ಹ್ಯಾಮ್, ಅಲಬಾಮ)

ನೀವು ಇಟ್ಟದ್ದು ಅವುಗಳ ಊಟ, ಬಿದ್ದದ್ದೂ ಅವೇ. ಆರ್ಮಡಿಲೋದ ಆಹಾರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮಣ್ಣಿನ ಜೀವಿಗಳು: ಜೀರುಂಡೆ, ಗೊಣ್ಣೆಹುಳು, ಇರುವೆ, ಎರೆಹುಳು. ತಟ್ಟೆಯಲ್ಲಿಟ್ಟ ಹಣ್ಣಿಗಾಗಿ ಪೆಟ್ಟಿಗೆಯೊಳಗೆ ನುಗ್ಗುವ ಸ್ವಭಾವ ಅದಕ್ಕಿಲ್ಲ. ಅದನ್ನು ಹಿಡಿಯುವುದು ತಿನಿಸಿನಿಂದಲ್ಲ, ದಾರಿಯಿಂದ.

ಅದರ ಕಣ್ಣು ಮಂದ. ಗೋಡೆ, ಬೇಲಿ, ಬಿದ್ದ ಮರದ ಬುಡಕ್ಕೆ ಮೈ ತಾಗಿಸಿಕೊಂಡು ನಡೆಯುವ ಅಭ್ಯಾಸ. ಸುಮಾರು 25 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, 80 ಸೆಂ.ಮೀ. ಉದ್ದದ ತಂತಿಬೋನನ್ನು ಆ ದಾರಿಯಲ್ಲೇ, ಗೋಡೆಗೆ ಒತ್ತಿ ಇಡಿ. ಎರಡೂ ತುದಿಯಲ್ಲಿ ಬಾಗಿಲಿರುವ ಬೋನು ಉತ್ತಮ, ಏಕೆಂದರೆ ಆಚೆಬದಿ ಬಯಲು ಕಂಡರೆ ಅದು ಹಿಂಜರಿಯದೆ ನಡೆದುಬಿಡುತ್ತದೆ. ಬಾಯಿಯ ಎರಡೂ ಬದಿಯಿಂದ 10–15 ಸೆಂ.ಮೀ. ಅಗಲದ, ಆರು ಅಡಿ ಉದ್ದದ ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಲಾಳಿಕೆಯಂತೆ ಹರಡಿ. ಹಲಗೆ ಮುಟ್ಟಿದ ಪ್ರಾಣಿ ಅದರ ಗುಂಟವೇ ಬೋನಿನೊಳಗೆ ಹೋಗುತ್ತದೆ. ಬಿಲ ಗೊತ್ತಿದ್ದರೆ ಇನ್ನೂ ಸುಲಭ: ಬೋನಿನ ಬಾಯಿಯನ್ನು ಬಿಲದ ಬಾಯಿಗೆ ಎದುರಾಗಿಟ್ಟು, ಹಲಗೆಗಳಿಂದ ಎರಡನ್ನೂ ಸೇರಿಸಿ.

ಎಡವುವುದು ಎಲ್ಲಿ ಎಂದರೆ, ಬೋನು ಅಲುಗಾಡಿದರೆ ಅದು ಹಿಂತಿರುಗುತ್ತದೆ, ಆದ್ದರಿಂದ ನೆಲ ಸಮಮಾಡಿ ಕೂರಿಸಿ. ತಂತಿಯ ತಳದ ಮೇಲೆ ಒಂದು ಪದರ ಮಣ್ಣು ಎಲೆ ಹರಡಿ. ಹಿಂದೆ ಆರ್ಮಡಿಲೋ ಬಿದ್ದ ಬೋನನ್ನು ತೊಳೆಯಬೇಡಿ, ಆ ವಾಸನೆ ಹೊಸದನ್ನು ಸೆಳೆಯುತ್ತದೆ. ಏನಾದರೂ ಇಡಲೇಬೇಕೆನಿಸಿದರೆ ಹಳೆಯ ನೈಲಾನ್ ಕಾಲುಚೀಲದಲ್ಲಿ ಎರೆಹುಳು ಮತ್ತು ಹಸಿಮಣ್ಣು ಕಟ್ಟಿ ಒಳಗೆ ತೂಗುಹಾಕಿ. ಸಂಜೆ ಬೋನು ತೆರೆದು, ಬೆಳಕು ಹರಿಯುತ್ತಲೇ ನೋಡಿ. ಬಿಸಿಲಿನಲ್ಲಿ ಬಿಟ್ಟರೆ ಒಳಗಿರುವುದು ಸಾಯುತ್ತದೆ.

ಮಾರ್ಚ್‌ನಿಂದ ಬೇಸಿಗೆಯ ನಡುವಿನವರೆಗೆ ಹಿಡಿಯುವ ಮುನ್ನ ಬಿಲದಲ್ಲಿ ಮರಿಗಳಿವೆಯೇ ನೋಡಿ. ತಾಯಿ ಹೋದರೆ ನಾಲ್ಕು ಮರಿ ಒಳಗೇ ಹಸಿದು ಸಾಯುತ್ತವೆ, ನಿಮ್ಮ ಜಗಲಿಯ ಅಡಿ ಕೊಳೆತು ನಾರುತ್ತವೆ.

ಪ್ರಶ್ನೆ: ಹಿಡಿದ ಮೇಲೆ ದೂರದ ಕಾಡಿಗೆ ಬಿಡಬಹುದಲ್ಲ? (ಅದೇ ಓದುಗರು)

ಬೋನು ಇಡುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ ಹಿಡಿದದ್ದನ್ನು ಅನುಮತಿಯಿಲ್ಲದೆ ಬೇರೆಡೆ ಬಿಡುವಂತಿಲ್ಲ. ಟೆಕ್ಸಸ್‌ನಲ್ಲಿ ಜೀವಂತ ಆರ್ಮಡಿಲೋ ಮಾರುವುದು ಅಪರಾಧ. ಹೊಸದಾಗಿ ಬರುತ್ತಿರುವ ಉತ್ತರದ ರಾಜ್ಯಗಳಲ್ಲಿ ಹಿಡಿಯುವುದಕ್ಕೇ ಅನುಮತಿ ಬೇಕಾಗಬಹುದು. ರಾಜ್ಯದ ವನ್ಯಜೀವಿ ಇಲಾಖೆಗೆ ಒಂದು ಫೋನ್ ಮಾಡಿ ಎರಡೇ ಮಾತು ಕೇಳಿ: ನನ್ನ ಜಾಗದಲ್ಲಿ ಹಿಡಿಯಬಹುದೇ, ಹಿಡಿದದ್ದನ್ನು ಏನು ಮಾಡಬೇಕು? ರಾಜ್ಯದ ಗಡಿ ದಾಟಿಸಲಂತೂ ಹೋಗಬೇಡಿ.

ಕಾನೂನು ಒತ್ತಟ್ಟಿಗಿರಲಿ, ದೂರ ಬಿಡುವುದನ್ನು ನಾವು ಒಪ್ಪುವುದಿಲ್ಲ. ಇಂಥ ಬಿಡುಗಡೆಗಳಿಂದಲೇ ಫ್ಲೋರಿಡಾದ ಸಮೂಹ ಹುಟ್ಟಿತು. ಕುಷ್ಠದ ರೋಗಾಣು (ಇದರ ಬಗ್ಗೆ ಮುಂದೆ ಹೇಳಿದ್ದೇವೆ) ಇಲ್ಲದ ಕಡೆಗೆ ಅದನ್ನೂ ಸಾಗಿಸಿದಂತಾಗುತ್ತದೆ. ಬಿಲ ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿಯೂ ಬಹಳ ಸಲ ಬದುಕುವುದಿಲ್ಲ.

ಪ್ರಶ್ನೆ: ನುಸಿಗುಳಿಗೆ, ಮೆಣಸಿನಪುಡಿ, ಹೊಗೆಬತ್ತಿ? (ಹಲವರು)

ಯಾವುದೂ ಬೇಡ. ಆರ್ಮಡಿಲೋಗೆಂದು ಅಮೆರಿಕದಲ್ಲಿ ನೋಂದಾಯಿತವಾದ ವಿಷವಾಗಲಿ ಬಿಲದ ಹೊಗೆಯಾಗಲಿ ಇಲ್ಲ. ನುಸಿಗುಳಿಗೆಯನ್ನು ಲೇಬಲ್ಲಿನಲ್ಲಿ ಹೇಳದ ಕಡೆ ಬಳಸುವುದು ಕಾನೂನುಬಾಹಿರ. ಮಣ್ಣು ಸೇರಿದರೆ ಮಕ್ಕಳಿಗೂ ನಾಯಿಗೂ ಅಪಾಯ, ಆರ್ಮಡಿಲೋ ಅದನ್ನು ಸುತ್ತುಹಾಕಿ ಹೋಗುತ್ತದೆ. ಗೊಣ್ಣೆಹುಳುವಿಗೆ ಕೀಟನಾಶಕ ಹಾಕಿದರೂ ಎರೆಹುಳು ಉಳಿಯುತ್ತದೆ, ಕೆಲವೊಮ್ಮೆ ಉಳಿದ ಹುಳು ಹುಡುಕುತ್ತ ಆರ್ಮಡಿಲೋ ಇನ್ನೂ ಹೆಚ್ಚು ತೋಡುತ್ತದೆ.

ಕೆಲಸಕ್ಕೆ ಬರುವುದು ನೀರು ಕಡಿಮೆ ಮಾಡುವುದು. ದಿನವೂ ನೀರು ಕುಡಿದ ಹುಲ್ಲುಹಾಸು ಬರಗಾಲದಲ್ಲಿ ಸುತ್ತಲ ಪ್ರಾಣಿಗಳಿಗೆಲ್ಲ ಊಟದ ಮನೆಯಾಗುತ್ತದೆ. ನೀರನ್ನು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟು, ನಡುವೆ ಮೇಲ್ಮಣ್ಣು ಒಣಗಲು ಬಿಡಿ. ಗಿಡದ ಬುಡದ ಎಲೆಗೊಬ್ಬರದ ಹೊದಿಕೆ ತೆಳುವಾಗಿರಲಿ.

ಹೂಪಾತಿ ಅಥವಾ ತರಕಾರಿ ತೋಟದಷ್ಟು ಚಿಕ್ಕ ಜಾಗಕ್ಕೆ ಬೇಲಿ ಸಾಧ್ಯ. ನೆಲದ ಮೇಲೆ 60 ಸೆಂ.ಮೀ., ನೆಲದೊಳಗೆ 45 ಸೆಂ.ಮೀ. ಬಲೆ ಇರಬೇಕು, ಮೇಲ್ಭಾಗ ಹೊರಕ್ಕೆ ಸುಮಾರು 40 ಡಿಗ್ರಿ ವಾಲಿರಬೇಕು. ವಾಲಿಸದಿದ್ದರೆ ಹತ್ತಿ ಇಳಿಯುತ್ತದೆ, ಹೂಳದಿದ್ದರೆ ಅಡಿಯಿಂದ ತೂರುತ್ತದೆ. ಇಡೀ ಅಂಗಳಕ್ಕೆ ಹೀಗೆ ಮಾಡುವ ಖರ್ಚು ಹುಲ್ಲಿನ ಹಾನಿಗಿಂತ ಹೆಚ್ಚು. ಕೆಲವು ಗುಂಡಿಗಳಷ್ಟೇ ಆದರೆ ಮಣ್ಣು ಮುಚ್ಚಿ ಕಾಲಿನಿಂದ ಒತ್ತಿ ಸುಮ್ಮನಾಗುವುದೇ ಒಳ್ಳೆಯದು.

ಮನೆಯ ಅಡಿಪಾಯ, ಕಾಂಕ್ರೀಟ್ ಚಪ್ಪಡಿ, ಕೆರೆ ಏರಿಯ ಅಡಿ ಬಿಲವಿದ್ದರೆ ಮಾತ್ರ ತಡಮಾಡಬಾರದು. ಬಿಲ 4 ಮೀಟರಿಗೂ ಮೀರಿ ಉದ್ದ ಹೋಗಬಹುದು, ಅದರೊಳಗೆ ಮಳೆನೀರು ಇಳಿದರೆ ಚಪ್ಪಡಿಯ ಅಡಿ ಮಣ್ಣು ಕೊಚ್ಚಿಹೋಗಿ ಬಿರುಕು ಬಿಡುತ್ತದೆ. ಮೊದಲು ಬಾಯಿಗೆ ಸುಕ್ಕುಮಾಡಿದ ಪತ್ರಿಕೆ ಹಾಳೆ ಸಡಿಲವಾಗಿ ತುರುಕಿ. ಮೂರ್ನಾಲ್ಕು ರಾತ್ರಿ ಅದು ಕದಲದಿದ್ದರೆ ಒಳಗೆ ಯಾರೂ ಇಲ್ಲ. ಕದಲಿದ್ದರೆ ಹಿಡಿದು ಖಾಲಿಮಾಡಿದ ಮೇಲೆಯೇ ಮುಂದಿನ ಕೆಲಸ. ಜಲ್ಲಿ ಮತ್ತು ಮಣ್ಣನ್ನು ಪದರ ಪದರವಾಗಿ ತುಂಬಿ ಗುದ್ದಿ, ಬಾಯಿಯ ಮೇಲೂ ಸುತ್ತಲೂ ಬೆಸುಗೆ ಹಾಕಿದ ಗಟ್ಟಿ ತಂತಿಬಲೆ ಹಾಸಿ ಹೂಳಿ. ಬರೀ ಮಣ್ಣು ಮುಚ್ಚಿದರೆ ಅದೇ ರಾತ್ರಿ ತೆರೆದುಕೊಳ್ಳುತ್ತದೆ, ಮೆತ್ತನೆಯ ಹೊಸ ಮಣ್ಣು ಅಗೆಯಲು ಇನ್ನೂ ಸುಲಭ.

ಪ್ರಶ್ನೆ: ಆರ್ಮಡಿಲೋದಿಂದ ಕುಷ್ಠ ಬರುತ್ತದೆಂದು ಓದಿ ಮನೆಯವರೆಲ್ಲ ಗಾಬರಿಯಾಗಿದ್ದೇವೆ. ಮಕ್ಕಳು ಅದೇ ಅಂಗಳದಲ್ಲಿ ಆಡುತ್ತಾರೆ. (ಬ್ಯಾಟನ್ ರೂಜ್, ಲೂಯಿಸಿಯಾನ)

ಗಾಬರಿ ಬೇಡ, ಎಚ್ಚರಿಕೆ ಬೇಕು. ಕುಷ್ಠಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೆ ತಂಪಾದ ಅಂಗಾಂಶದಲ್ಲಿ ಬೆಳೆಯುತ್ತದೆ, ಆರ್ಮಡಿಲೋದ ತಂಪು ಮೈ ಅದಕ್ಕೆ ಒಗ್ಗಿತು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯದ ಈ ರೋಗಾಣುವನ್ನು 1971ರಲ್ಲಿ ಸಂಶೋಧಕರಾದ ಕಿರ್ಕ್‌ಹೈಮರ್ ಮತ್ತು ಸ್ಟಾರ್ಸ್ ಆರ್ಮಡಿಲೋದಲ್ಲಿ ಬೆಳೆಸಿ ತೋರಿಸಿದ ಮೇಲೆ ಸಂಶೋಧನೆಗೆ ಹೊಸ ದಾರಿ ಸಿಕ್ಕಿತು. ಕಾಡಿನ ಆರ್ಮಡಿಲೋಗಳಲ್ಲೂ ರೋಗಾಣುವಿದೆ. ಅದು ಮೂಲತಃ ಹೋದದ್ದು ಮನುಷ್ಯರಿಂದಲೇ, ಯುರೋಪಿನವರು ಬಂದ ನಂತರ. ದಕ್ಷಿಣದ ರಾಜ್ಯಗಳ ರೋಗಿಗಳಲ್ಲೂ ಅಲ್ಲಿನ ಆರ್ಮಡಿಲೋಗಳಲ್ಲೂ ಒಂದೇ ತಳಿಯ ರೋಗಾಣು ಇದೆಯೆಂದು 2011ರಲ್ಲಿ ತೋರಿಸಲಾಯಿತು. ಮೊದಲು ಕೊಲ್ಲಿ ಕರಾವಳಿಯ ಪಶ್ಚಿಮ ಭಾಗಕ್ಕೆ ಸೀಮಿತ ಎಂದುಕೊಂಡಿದ್ದ ಸೋಂಕು ಪೂರ್ವದ ಆರ್ಮಡಿಲೋಗಳಲ್ಲೂ ಇದೆ ಎಂದು 2015ರ ಅಧ್ಯಯನ ಹೇಳಿತು.

ಇನ್ನೊಂದು ಬದಿ ನೋಡಿ. ನೂರಕ್ಕೆ 95 ಜನರಿಗೆ ಈ ರೋಗದ ವಿರುದ್ಧ ಸಹಜ ರಕ್ಷಣೆಯಿದೆ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಪತ್ತೆಯಾಗುವುದು ಕೆಲವು ನೂರರೊಳಗೆ. ಅಂಗಳದಲ್ಲಿ ಪ್ರಾಣಿ ಹಾದುಹೋದದ್ದರಿಂದ ರೋಗ ಬರುವ ಸಂಭವ ತೀರ ಕಡಿಮೆ. ಅಪಾಯವಿರುವುದು ಬರಿಗೈಯಲ್ಲಿ ಹಿಡಿಯುವುದರಲ್ಲಿ, ಕೊಂದು ಸುಲಿಯುವುದರಲ್ಲಿ, ಮಾಂಸ ಸರಿಯಾಗಿ ಬೇಯಿಸದೆ ತಿನ್ನುವುದರಲ್ಲಿ. ಸತ್ತದ್ದನ್ನು ಎತ್ತಬೇಕಾದರೆ ಕೈಗವಸು ತೊಟ್ಟು ಸಲಿಕೆಯಿಂದ ಎತ್ತಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಿಲದ ಸುತ್ತಲ ಮಣ್ಣು ಅಗೆಯುವಾಗಲೂ ಕೈಗವಸು ಇರಲಿ. ಮಕ್ಕಳಿಗೆ ಮುಟ್ಟಬೇಡ, ಬೆನ್ನಟ್ಟಬೇಡ ಎಂದಷ್ಟೇ ಹೇಳಿ.

ರೋಗ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಚರ್ಮದ ಮೇಲೆ ಬಣ್ಣಗೆಟ್ಟ, ಸ್ಪರ್ಶ ಗೊತ್ತಾಗದ ಮಚ್ಚೆ, ಕೈಕಾಲಿನಲ್ಲಿ ಜೋಮು ಇದ್ದರೆ ವೈದ್ಯರ ಬಳಿ ಹೋದಾಗ ಆರ್ಮಡಿಲೋ ಮುಟ್ಟಿದ ವಿಷಯ ನೀವಾಗಿಯೇ ಹೇಳಿ. ಅವರು ಕೇಳುವುದು ಅಪರೂಪ, ತಡವಾಗುವುದು ಅಲ್ಲೇ. ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ವಾಸಿಯಾಗುತ್ತದೆ, ಅಮೆರಿಕದಲ್ಲಿ ಔಷಧಿಯನ್ನು ರಾಷ್ಟ್ರೀಯ ಹ್ಯಾನ್ಸನ್ಸ್ ರೋಗ (ಕುಷ್ಠದ ಇನ್ನೊಂದು ಹೆಸರು) ಕಾರ್ಯಕ್ರಮ ಉಚಿತವಾಗಿ ಕೊಡುತ್ತದೆ. ತಡಮಾಡಿದರೆ ನರಗಳಿಗಾದ ಹಾನಿ ಮಾತ್ರ ಸರಿಹೋಗದು.

ಪ್ರಶ್ನೆ: ರಸ್ತೆಯಲ್ಲಿ ಇಷ್ಟೊಂದು ಸಾಯುವುದೇಕೆ? (ಲಿಟಲ್ ರಾಕ್, ಅರ್ಕಾನ್ಸಾ)

ಬೆಚ್ಚಿಬಿದ್ದರೆ ಮೂರ್ನಾಲ್ಕು ಅಡಿ ಮೇಲಕ್ಕೆ ನೆಗೆಯುವುದು ಅದರ ಹುಟ್ಟುಗುಣ. ಬಾಯಿ ಹಾಕಿದ ಪ್ರಾಣಿಯನ್ನು ಇದು ಬೆದರಿಸುತ್ತದೆ. ಕಾರು ಮೇಲಿಂದ ಹಾದುಹೋಗುವಾಗ ನೆಗೆದರೆ ಬಂಪರಿಗೋ ತಳಕ್ಕೋ ಬಡಿಯುತ್ತದೆ. ಚಕ್ರಗಳ ನಡುವೆ ಬಿಟ್ಟು ದಾಟಿಸಿದರೆ ಉಳಿಯುತ್ತದೆ ಎನ್ನುವ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ರಾತ್ರಿ ವೇಗ ತಗ್ಗಿಸಿ, ಅದು ರಸ್ತೆ ದಾಟುವವರೆಗೆ ಕಾಯಿರಿ.

ಪ್ರಶ್ನೆ: ಹೊರಗಿನಿಂದ ಬಂದದ್ದರಿಂದ ಸ್ಥಳೀಯ ಜೀವಿಗಳಿಗೆ ತೊಂದರೆಯಿಲ್ಲವೇ? (ರಾಲೀ, ಉತ್ತರ ಕೆರೊಲಿನ)

ಮನುಷ್ಯ ಹಡಗಿನಲ್ಲಿ ತಂದ ಪ್ರಾಣಿಗಳ ಸಾಲಿಗೆ ಇದನ್ನು ಸೇರಿಸಲಾಗದು. ಫ್ಲೋರಿಡಾ ಬಿಟ್ಟರೆ ಇದು ಬಹುತೇಕ ತಾನೇ ನಡೆದುಬಂದದ್ದು. ಬೆಂಕಿ ಇರುವೆ, ಗೊಣ್ಣೆಹುಳುಗಳನ್ನು ತಿನ್ನುತ್ತದೆ. ಬಿಟ್ಟುಹೋದ ಬಿಲಗಳಲ್ಲಿ ಮೊಲ, ಒಪೊಸಮ್, ಸ್ಕಂಕ್, ಹಾವುಗಳು ಆಸರೆ ಪಡೆಯುತ್ತವೆ. ಹಾನಿಯೂ ಇದೆ: ಫ್ಲೋರಿಡಾದ ಕಡಲತೀರಗಳಲ್ಲಿ ಕಡಲಾಮೆಯ ಗೂಡು ಕೆದಕಿ ಮೊಟ್ಟೆ ತಿನ್ನುತ್ತದೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಯೂ ಸಿಕ್ಕರೆ ಬಿಡುವುದಿಲ್ಲ. ಹೊಟ್ಟೆಯಲ್ಲಿದ್ದುದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಮೊಟ್ಟೆಯ ಪಾಲು ಚಿಕ್ಕದು. ನಮ್ಮ ಅಭಿಪ್ರಾಯದಲ್ಲಿ, ಆಮೆಗೂಡಿರುವ ಮರಳುದಂಡೆಯಲ್ಲಿ ಅದನ್ನು ತಡೆಯುವುದು ನ್ಯಾಯ, ಕಾಡಿನಂಚಿನಲ್ಲಿ ಕಂಡಕಂಡಲ್ಲಿ ಕೊಲ್ಲುವುದು ಅನ್ಯಾಯ. ಹೊಸದಾಗಿ ತಲುಪಿದ ಬೆಟ್ಟಗಾಡುಗಳ ಎಲೆಪದರದಲ್ಲಿ ಬದುಕುವ ಸಲಮಾಂಡರ್‌ಗಳ ಮೇಲೆ ಇದರ ಕೆದಕಾಟದ ಪರಿಣಾಮವನ್ನು ಈಗಿನಿಂದಲೇ ಗಮನಿಸಬೇಕು.

ಪ್ರಶ್ನೆ: ನಮ್ಮ ಕೌಂಟಿಯಲ್ಲಿ ಮೊದಲ ಸಲ ನೋಡಿದೆ ಅನಿಸುತ್ತದೆ. ಯಾರಿಗೆ ತಿಳಿಸಲಿ? (ಬೂನ್, ಉತ್ತರ ಕೆರೊಲಿನ)

ನಿಮ್ಮ ರಾಜ್ಯದ ವನ್ಯಜೀವಿ ಸಂಪನ್ಮೂಲ ಆಯೋಗ ಇಂಥ ವರದಿಗಳನ್ನೇ ಸಾರ್ವಜನಿಕರಿಂದ ಕೇಳುತ್ತಿದೆ, ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಮೂಲಕವೂ ಕಳಿಸಬಹುದು. ಬೇರೆ ರಾಜ್ಯದವರು ತಮ್ಮ ವನ್ಯಜೀವಿ ಇಲಾಖೆಗೆ ಬರೆಯಿರಿ. ಬೇಕಾದದ್ದು ಫೋಟೊ, ದಿನಾಂಕ, ಹೊತ್ತು, ಜಾಗದ ಅಕ್ಷಾಂಶ ರೇಖಾಂಶ, ಜೀವಂತವೋ ಸತ್ತದ್ದೋ, ಎಷ್ಟಿದ್ದವು. ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ಅಕ್ಷಾಂಶ ರೇಖಾಂಶ ತಾನಾಗಿ ದಾಖಲಾಗುತ್ತದೆ. ಸತ್ತ ಪ್ರಾಣಿಯಾದರೆ ಅಳತೆ ತಿಳಿಯಲು ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು ತೆಗೆಯಿರಿ, ಮುಟ್ಟುವುದು ಬೇಡ. ಮರಿಗಳಿದ್ದರೆ, ಜನವರಿ ಫೆಬ್ರವರಿಯಲ್ಲಿ ಕಂಡರೆ, ಅದನ್ನು ಮರೆಯದೆ ಬರೆಯಿರಿ, ನೆಲೆ ನಿಂತಿದೆಯೇ ಎಂದು ತಿಳಿಯುವುದು ಅದರಿಂದಲೇ. ಫೋಟೊ ಸಿಗದಿದ್ದರೆ ಹಸಿಮಣ್ಣಿನ ಹೆಜ್ಜೆಯ ಚಿತ್ರ ಕಳಿಸಿ, ಮುಂಗಾಲಿನ ನಾಲ್ಕು, ಹಿಂಗಾಲಿನ ಐದು ಬೆರಳು ಸ್ಪಷ್ಟವಾಗಿ ಕಾಣುವಂತೆ ನೇರ ಮೇಲಿಂದ ತೆಗೆಯಿರಿ.